ಒಂಬತ್ತು ಗಂಟೆಯ ಸೊಪ್ಪನ್ನು ಯಾರು ಹಾಕಿದರು?

ಮಾನ್ಯ ಸೋದರಿಯವರಿಗೆ ನಮಸ್ಕಾರಗಳು.

ತೀರಿಕೊಂಡ ನಿಮ್ಮ ತಂದೆಯವರನ್ನು ನೆನೆದು ನೀವು ಕಳಿಸಿರುವ ‘ಆಲದ ಮರದಂಥ ನನ್ನಪ್ಪ’ ಎಂಬ ಬರಹವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಇಷ್ಟನ್ನೇ ಎರಡು ಸಾಲಿನಲ್ಲಿ ತಿಳಿಸಿ ಹಿಂದಿರುಗಿಸುವುದು ನಮ್ಮ ವಾಡಿಕೆ. ಆದರೆ ನಿಮ್ಮ ಹನ್ನೊಂದು ಪುಟಗಳ ನಡುವೆ, ಬಹುಶಃ ನಿಮಗೇ ಅರಿವಿಲ್ಲದಂತೆ, ಇನ್ನೊಂದು ಬರಹ ಅವಿತು ಕುಳಿತಿರುವುದರಿಂದ ಈ ದೀರ್ಘ ಪತ್ರ.

ಮೊದಲ ಮೂರು ಪುಟಗಳಲ್ಲಿ ನಿಮ್ಮ ತಂದೆ ಆದರ್ಶ ಪತಿ, ಮಮತೆಯ ಸಾಗರ, ದೈವಭಕ್ತ, ಅಜಾತಶತ್ರು ಮತ್ತು ‘ಎಂದೂ ಸಿಟ್ಟಾಗದವರು’. ಯಾವುದೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಬಳಿ ಕಟ್ಟುವ ಶ್ರದ್ಧಾಂಜಲಿಯ ಫ್ಲೆಕ್ಸುಗಳಲ್ಲಿ ಈ ಮಾತುಗಳು ಯಾರ ಭಾವಚಿತ್ರದ ಕೆಳಗಾದರೂ ಹೊಂದಿಕೊಳ್ಳುತ್ತವೆ, ಆದ್ದರಿಂದಲೇ ಅವು ಯಾರನ್ನೂ ತೋರಿಸುವುದಿಲ್ಲ. ಆಲದ ಮರವೂ ಹಾಗೆಯೇ. ನಿಮ್ಮ ತಂದೆ ನಲವತ್ತು ವರ್ಷ ರೇಷ್ಮೆಹುಳು ಸಾಕಲು ಹಿಪ್ಪುನೇರಳೆ ಬೆಳೆದವರು. ಅವರಿಗೆ ಮರದ ಹೋಲಿಕೆಯೇ ಬೇಕಾಗಿದ್ದರೆ ಆಲವನ್ನು ಹುಡುಕಿಕೊಂಡು ಹೋಗುವ ಅಗತ್ಯವಿರಲಿಲ್ಲ.

ಈಗ ಆರನೆಯ ಪುಟಕ್ಕೆ ಬನ್ನಿ. ಅಲ್ಲಿ ನೀವು, ಬೇರೇನನ್ನೋ ಹೇಳುವ ಭರದಲ್ಲಿ, ‘ಅಪ್ಪ ಬೆಳಗಿನ ಆರಾಧನೆಗೆ ಹೋಗುತ್ತಿದ್ದರು, ಅಮ್ಮ ಸಂಜೆಯದಕ್ಕೆ, ಹುಳು ಜ್ವರಕ್ಕೆ ಕೂತ ಭಾನುವಾರ ಮಾತ್ರ ನಮಗೆ ಹಬ್ಬ’ ಎಂದು ಬರೆದು ಮುಂದಕ್ಕೆ ನಡೆದುಬಿಟ್ಟಿದ್ದೀರಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಸದ್ದು ಕೇಳುತ್ತ ಬೆಳೆದವನಾದ್ದರಿಂದ ಈ ವಾಕ್ಯದ ತೂಕ ನನಗೆ ಒಡನೆಯೇ ತಿಳಿಯಿತು, ಆದರೆ ತುಮಕೂರಿನಲ್ಲಿ ಅಡಿಕೆ ಬೆಳೆಯುವ ಓದುಗರಿಗೆ ತಿಳಿಯುವುದಿಲ್ಲ. ಹುಳಕ್ಕೆ ಕಾಯಿಲೆ ಬಂದರೆ ಮನೆಯಲ್ಲಿ ಹಬ್ಬವೇಕೆಂದು ಅವರು ತಬ್ಬಿಬ್ಬಾಗುತ್ತಾರೆ. ರೇಷ್ಮೆಹುಳು ಚರ್ಮ ಕಳಚುವ ಅವಧಿಗೆ ನಮ್ಮ ರೈತರು ಜ್ವರ ಎನ್ನುತ್ತಾರೆಂಬುದನ್ನೂ, ಸುಮಾರು ಇಪ್ಪತ್ತೈದು ದಿನಗಳ ಸಾಕಣೆಯಲ್ಲಿ ಹುಳು ಹೀಗೆ ನಾಲ್ಕು ಬಾರಿ ತಲೆಯೆತ್ತಿ, ಒಂದು ಹಗಲು ಒಂದು ರಾತ್ರಿ ಅಲುಗದೆ ಕೂರುತ್ತದೆಂಬುದನ್ನೂ, ಆಗ ಅದಕ್ಕೆ ಸೊಪ್ಪು ಹಾಕಬೇಕಾಗಿಲ್ಲವೆಂಬುದನ್ನೂ ನೀವು ಹೇಳಬೇಕು. ನಾಲ್ಕನೆಯ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ, ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ನೂರರಲ್ಲಿ ಎಂಬತ್ತು ಪಾಲಿಗೂ ಹೆಚ್ಚನ್ನು ತಿನ್ನುತ್ತದೆಂಬುದನ್ನು ಹೇಳಿದರಂತೂ ಮನೆಯಲ್ಲಿ ಒಬ್ಬರಾದರೂ ಏಕೆ ಉಳಿಯಲೇಬೇಕಿತ್ತೆಂಬುದು ಯಾರಿಗಾದರೂ ಅರ್ಥವಾಗುತ್ತದೆ.

ಹಾಗೆ ಅರ್ಥವಾದ ಓದುಗ ಮುಂದಿನ ಪ್ರಶ್ನೆಯನ್ನು ತಾನೇ ಕೇಳುತ್ತಾನೆ. ನಿಮ್ಮ ತಂದೆ ‘ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ’ ಎಂದು ನೀವು ನಾಲ್ಕು ಕಡೆ ಬರೆದಿದ್ದೀರಿ. ಅವರು ಚರ್ಚಿನ ಬೆಳಗಿನ ಆರಾಧನೆಯಲ್ಲಿ ಕುಳಿತಿದ್ದಾಗ ಒಂಬತ್ತು ಗಂಟೆಯ ಸೊಪ್ಪನ್ನು ಯಾರು ಹಾಕಿದರು? ಸಂಜೆ ನಿಮ್ಮ ತಾಯಿ ಸೆರಗು ಹೊದ್ದು ಚರ್ಚಿಗೆ ಹೊರಟಾಗ ಹುಳುವಿನ ತಟ್ಟೆಗಳ ಮುಂದೆ ಯಾರು ನಿಂತರು? ಇಷ್ಟು ವರ್ಷಗಳ ದಾಂಪತ್ಯದಲ್ಲಿ ಈ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಹಾಡಿದ ಭಾನುವಾರಗಳು, ಹುಳುವಿನ ಜ್ವರಕ್ಕೋ ಎರಡು ಬೆಳೆಗಳ ನಡುವಿನ ಬಿಡುವಿಗೋ ಕಾದು ಬಂದಂಥವು. ಆದರ್ಶ ಪತಿ ಎಂಬ ಎರಡು ಪದಗಳಿಂದ ನೀವು ಹೇಳಲು ಹೊರಟದ್ದು ಇದನ್ನೇ ಇರಬೇಕು. ಬೆಳಗಿನ ಉಪದೇಶವನ್ನು ಅವರು ‘ಊಟದ ಹೊತ್ತಿಗೆ ಎಲ್ಲರಿಗೂ ವಿವರಿಸುತ್ತಿದ್ದರು’ ಎಂದಿದ್ದೀರಿ; ಅದು ಮಕ್ಕಳಿಗಾಗಿಯೋ, ಬೆಳಗಿನದನ್ನು ಕೇಳದೆ ಮನೆಯಲ್ಲುಳಿದ ನಿಮ್ಮ ತಾಯಿಗಾಗಿಯೋ? ನನಗೊಂದು ಊಹೆ ಇದೆ, ಆದರೆ ಸಂಪಾದಕನ ಊಹೆಯನ್ನು ಬರಹದಲ್ಲಿ ಸೇರಿಸುವುದು ತಪ್ಪು. ನಿಮ್ಮ ತಾಯಿ ಇದ್ದಾರೆ. ಅವರನ್ನೇ ಕೇಳಿ.

ಅವರ ಬಗ್ಗೆ ಇನ್ನೊಂದು ಮಾತು. ಅವರು ಕೋಲಾರದ ಮೆಥೋಡಿಸ್ಟ್ ಕುಟುಂಬದವರೆಂದೂ ಮದುವೆಯ ನಂತರ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಗೆ, ಬಂದರೆಂದೂ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹೊರಗಿನವರಿಗೆ ಚರ್ಚುಗಳೆಲ್ಲ ಒಂದೇ. ಆದರೆ ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡಾಗ ತುಮಕೂರು ಕಡೆಯ ವೆಸ್ಲಿಯನ್ ಮಿಷನ್ನಿನ ಸಭೆಗಳೂ ನಿಮ್ಮ ಕಡೆಯ ಲಂಡನ್ ಮಿಷನ್ನಿನ ಸಭೆಗಳೂ ಅದರಲ್ಲಿ ಸೇರಿದವು, ಅಮೆರಿಕನ್ ಮಿಷನ್ನಿನಿಂದ ಬೆಳೆದ ಕೋಲಾರದ ಮೆಥೋಡಿಸ್ಟರು ಸೇರಲಿಲ್ಲ; ಹಾಗಾಗಿ ನಿಮ್ಮ ತಾಯಿ ಊರಿನ ಜೊತೆಗೆ ಸಭೆಯನ್ನೂ ಬಿಟ್ಟು ಬಂದವರು. ಅದನ್ನು ಅವರು ಹೇಗೆ ಕಂಡರೆಂಬುದು ಎರಡು ವಾಕ್ಯಗಳಲ್ಲಾದರೂ ಬರಲಿ.

ಇದೇ ಕಾರಣಕ್ಕೆ, ನಿಮ್ಮ ತಾತ 1934ರಲ್ಲಿ ‘ಸಿ.ಎಸ್.ಐ. ಸಭೆಯಲ್ಲಿ’ ದೀಕ್ಷಾಸ್ನಾನ ಪಡೆದರೆಂಬುದನ್ನು ತಿದ್ದಬೇಕು. ಆಗ ಆ ಸಭೆ ಇರಲಿಲ್ಲ. ತಂದೆ 1949ರಲ್ಲಿ ಹುಟ್ಟಿದ್ದು ಕೋಲಾರ ಜಿಲ್ಲೆಯಲ್ಲಿ, ನೀವು ಬರೆದಂತೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. 1976ರ ಬೆಳೆಯನ್ನು ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ತಿಂದಿತೆಂದಿದ್ದೀರಿ, ಆದರೆ ಅದು ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಹಾಲುತೊಂಡೆಯೋ ಸುಣ್ಣಕಟ್ಟೋ ಎಂಬ ಹುಳುವಿನ ರೋಗ ಇದ್ದಿರಬಹುದು, ಇಲ್ಲವೇ ವರ್ಷವೇ ತಪ್ಪಿರಬಹುದು. ಹುಳು ಸಾಕುವವರು ಇಂಥದನ್ನು ಮೊದಲು ಗಮನಿಸುತ್ತಾರೆ, ಆಮೇಲೆ ಮಿಕ್ಕದ್ದನ್ನೂ ನಂಬುವುದಿಲ್ಲ.

‘ಎಂದೂ ಸಿಟ್ಟಾಗದವರು’ ಎಂಬ ಮಾತನ್ನು ನಿಮ್ಮ ಎಂಟನೆಯ ಪುಟವೇ ಅಲ್ಲಗಳೆಯುತ್ತದೆ. ನಿಮ್ಮ ಅಣ್ಣ ಪಕ್ಕದ ತುಂಡಿನಲ್ಲಿ ದ್ರಾಕ್ಷಿ ಹಾಕಿ ಔಷಧಿ ಹೊಡೆದದ್ದು, ಅದರ ಸೋಂಕು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಮೇಲೆ ಕೂತದ್ದು, ಇನ್ನೆರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಬೇಕಿದ್ದ ಹುಳು ರಾತ್ರೋರಾತ್ರಿ ಸತ್ತದ್ದು, ತಂದೆ ಎಂಟು ತಿಂಗಳು ಮಗನೊಡನೆ ಮಾತು ಬಿಟ್ಟದ್ದು, ಎಲ್ಲವೂ ಅಲ್ಲಿದೆ. ಜೊತೆಗೆ, ಅರ್ಧ ವಾಕ್ಯದಲ್ಲಿ, ‘ಆ ಸಮಯದಲ್ಲಿ ಅಪ್ಪ ಪ್ರಸಾದ ಸ್ವೀಕರಿಸುತ್ತಿರಲಿಲ್ಲ’ ಎಂದಿದೆ. ನಾನು ನಿಮ್ಮ ಸಭೆಯವನಲ್ಲ; ಆದರೂ ಸಹೋದರನೊಡನೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊ ಎಂದು ಮತ್ತಾಯನ ಸುವಾರ್ತೆಯಲ್ಲಿರುವುದನ್ನು ಬಲ್ಲೆ. ಪ್ರತಿ ಭಾನುವಾರ ತಪ್ಪದೆ ಹೋಗಿ, ಉಳಿದವರೆಲ್ಲ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಲು ಎದ್ದು ಮುಂದೆ ನಡೆಯುವಾಗ ಬೆಂಚಿನಲ್ಲೇ ತಲೆ ತಗ್ಗಿಸಿ ಕುಳಿತ ಮನುಷ್ಯನಿಗೆ ‘ದೈವಭಕ್ತ’ ಎಂಬ ವಿಶೇಷಣ ಅಂಟಿಸಬೇಕೆ? ಮಗನನ್ನು ಕ್ಷಮಿಸಲೂ ಆಗದೆ, ಕ್ಷಮಿಸಿದಂತೆ ನಟಿಸಲೂ ಆಗದೆ ಅವರು ಪಟ್ಟ ಪಾಡನ್ನು ನೀವು ‘ನಂತರ ಎಲ್ಲವೂ ಸರಿಹೋಯಿತು’ ಎಂದು ಮುಗಿಸಿದ್ದೀರಿ. ಮೊದಲು ಮಾತಾಡಿದವರು ಯಾರು, ಎಲ್ಲಿ, ಏನೆಂದು? ಮತ್ತೆ ಎದ್ದು ಮುಂದೆ ಹೋದ ಭಾನುವಾರ ಅಣ್ಣ ಪಕ್ಕದಲ್ಲಿದ್ದರೆ? ಇದನ್ನು ಬರೆಯುವ ಮೊದಲು ಅಣ್ಣನವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಅವರು ಬೇಡವೆಂದರೆ ನಾವು ಅಚ್ಚು ಹಾಕುವುದಿಲ್ಲ.

‘ಪ್ರಸಾದ’ ಎಂಬ ಪದವೂ ನನಗೆ ಸರಿಕಾಣಲಿಲ್ಲ. ನಿಮ್ಮ ಮನೆಯಲ್ಲಿ ಹಾಗೆ ಹೇಳುತ್ತಾರೆಯೇ? ಕರ್ತನ ಭೋಜನವನ್ನು ಪ್ರಸಾದ ಮಾಡಿದ್ದೀರಿ, ಸಭಾಪಾಲಕರನ್ನು ಧರ್ಮಗುರು ಮಾಡಿದ್ದೀರಿ, ಕರ್ತನಲ್ಲಿ ನಿದ್ರೆಹೋದ ತಂದೆಯನ್ನು ದೈವಾಧೀನರಾಗಿಸಿದ್ದೀರಿ. ನಮ್ಮ ಓದುಗರಿಗೆ ಅನುಕೂಲವಾಗಲೆಂದು ಹೀಗೆ ಮಾಡಿರಬಹುದು; ಆ ಉಪಕಾರ ಬೇಡ. ಸಂದರ್ಭದಿಂದ ಅವರು ಅರ್ಥ ಮಾಡಿಕೊಳ್ಳುತ್ತಾರೆ, ಮತ್ತು ನಿಮ್ಮ ತಂದೆ ಯಾವ ಕನ್ನಡದಲ್ಲಿ ಪ್ರಾರ್ಥಿಸಿದರೋ ಆ ಕನ್ನಡದಲ್ಲೇ ಅವರನ್ನು ಕಾಣಲು ಬಯಸುತ್ತಾರೆ.

ಚರ್ಚಿನ ಸುಗ್ಗಿ ಹಬ್ಬದ ಹರಾಜಿಗೆ ಅವರು ಪ್ರಥಮಫಲವಾಗಿ ಗೂಡು ಒಯ್ದ ಪ್ರಸಂಗ ಚೆನ್ನಾಗಿದೆ, ಹಾಗೆಯೇ ಇರಲಿ. ಕೊನೆಯ ಎರಡು ಪುಟಗಳ ಸಂತಾಪದ ಮಾತುಗಳನ್ನೂ ಗಣ್ಯರ ಹೆಸರುಗಳನ್ನೂ ಪೂರ್ತಿಯಾಗಿ ತೆಗೆಯಿರಿ.

ಸಾವಿರದ ಇನ್ನೂರು ಪದಗಳೊಳಗೆ ತಿರುಗಿ ಬರೆದು ಕಳಿಸಿದರೆ ನಾನೇ ಓದುತ್ತೇನೆ, ಅವಸರವಿಲ್ಲ. ಬರಹದೊಡನೆ ನೀವು ಲಗತ್ತಿಸಿದ್ದ ಸ್ಟುಡಿಯೋ ಭಾವಚಿತ್ರ ನಮಗೆ ಬೇಡ. ಅವರು ಹಾಡಿನ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಯಾವ ಬೆಳೆಗೆ ಎಷ್ಟು ಮೊಟ್ಟೆ ತಂದದ್ದು, ಎಷ್ಟು ಕಿಲೋ ಗೂಡಾಯಿತು ಎಂದು ಬರೆದಿಡುತ್ತಿದ್ದರೆಂದು ಹೇಳಿದ್ದೀರಿ. ಔಷಧಿ ತಾಗಿ ಹುಳು ಸತ್ತ ಆ ಬೆಳೆಯ ಹಾಳೆ ಉಳಿದಿದ್ದರೆ ಅದರ ಚಿತ್ರ ತೆಗೆದು ಕಳಿಸಿ.

ಇಂತು,
ಸಂಪಾದಕ