ಓದುಗರ ಪ್ರಶ್ನೆ: ಸ್ಲೀಪ್‌ನಲ್ಲಿರುವ ಚಿಪ್‌ನ ಕರೆಂಟ್ ಅಳೆಯುವುದು ಹೇಗೆ?

ಪ್ರಶ್ನೆ: ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ಪನ್ನು 3 ವೋಲ್ಟ್ ಬ್ಯಾಟರಿಯಲ್ಲಿ ಓಡಿಸುತ್ತಿದ್ದೇನೆ. 830 ಮಾದರಿಯ ಅಗ್ಗದ ಮಲ್ಟಿಮೀಟರನ್ನು 200 ಮೈಕ್ರೋಆಂಪ್ ರೇಂಜಿನಲ್ಲಿಟ್ಟು ಬ್ಯಾಟರಿ ವೈರಿನ ನಡುವೆ ಸೇರಿಸಿದರೆ ಸರ್ಕ್ಯೂಟ್ ಶುರುವೇ ಆಗುವುದಿಲ್ಲ. ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರ್ ಚೆನ್ನಾಗಿಯೇ ಇದೆ. ಆ ರೇಂಜಿನಲ್ಲಿ ಅದರೊಳಗೆ ಸುಮಾರು 1 ಕಿಲೋಓಮ್ ರೆಸಿಸ್ಟರ್ ಇರುತ್ತದೆ. 8 ಮೆಗಾಹರ್ಟ್ಸ್‌ನಲ್ಲಿ ಎಚ್ಚರವಾಗಿರುವ ಚಿಪ್ ಕೇಳುವುದು ಸುಮಾರು 3 ಮಿಲಿಆಂಪ್. ಅಷ್ಟು ಹರಿದರೆ ಬ್ಯಾಟರಿಯ 3 ವೋಲ್ಟೂ ಮೀಟರಿನೊಳಗೇ ಮುಗಿಯಿತು. ಚಿಪ್ಪಿಗೆ ಏನೂ ಉಳಿಯುವುದಿಲ್ಲ. ಪ್ರೋಗ್ರಾಂ ಸ್ಲೀಪ್ (ಕರೆಂಟ್ ಉಳಿಸಲು ಚಿಪ್ ನಿದ್ರಿಸುವ ಸ್ಥಿತಿ) ಸಾಲಿಗೆ ಬರುವ ಮೊದಲೇ ರೀಸೆಟ್ ಆಗುತ್ತಿರುತ್ತದೆ. ಆಟೋರೇಂಜ್ ಮೀಟರಿನಲ್ಲೂ ರೇಂಜ್ ಬದಲಾಗುವ ಕ್ಷಣಕ್ಕೆ ಇದೇ ಗತಿಯಾಗಬಹುದು.

ಆದ್ದರಿಂದ ಕರೆಂಟ್ ರೇಂಜನ್ನು ಮರೆತುಬಿಡಿ. ಬ್ಯಾಟರಿಯ ಪ್ಲಸ್ ವೈರಿನಲ್ಲಿ 1 ಶೇಕಡಾ ನಿಖರತೆಯ 10 ಕಿಲೋಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ, ಅದಕ್ಕೆ ಅಡ್ಡಲಾಗಿ ಒಂದು ಜಂಪರ್ ಇಡಿ. ಮೀಟರನ್ನು 200 ಮಿಲಿವೋಲ್ಟ್ ಡಿಸಿ ರೇಂಜಿನಲ್ಲಿಟ್ಟು ರೆಸಿಸ್ಟರಿನ ಎರಡು ತುದಿಗೆ ಹಚ್ಚಿ. ಜಂಪರ್ ಇರುವಾಗಲೇ ಪವರ್ ಕೊಡಿ, ಮೀಟರ್ ಸೊನ್ನೆ ತೋರಿಸಬೇಕು. ಚಿಪ್ ಸ್ಲೀಪ್‌ಗೆ ಹೋದ ಮೇಲೆ ಜಂಪರ್ ಕೀಳಿ. ಈಗ 10 ಮಿಲಿವೋಲ್ಟ್ ಎಂದರೆ 1 ಮೈಕ್ರೋಆಂಪ್. ಮೀಟರಿನ ಕೊನೆಯ ಅಂಕಿ 0.1 ಮಿಲಿವೋಲ್ಟ್, ಅಂದರೆ 10 ನ್ಯಾನೋಆಂಪ್, ಎಸ್.ಪಿ. ರಸ್ತೆಯ ಅಗ್ಗದ ಮೀಟರಿಗೆ ಇದು ಸಾಮಾನ್ಯ ಸಾಧನೆಯಲ್ಲ. 20 ಮೈಕ್ರೋಆಂಪ್ ದಾಟಿದರೆ 1 ಕಿಲೋಓಮ್ ರೆಸಿಸ್ಟರಿಗೆ ಬದಲಿಸಿ. ಚಿಪ್ ಏಳುವ ಮೊದಲು ಜಂಪರ್ ಮತ್ತೆ ಹಾಕಬೇಕು.

ರೀಡಿಂಗ್ ತಕ್ಷಣ ನಿಲ್ಲುವುದಿಲ್ಲ. ಬೋರ್ಡಿನಲ್ಲಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಕನಿಷ್ಠ 5 ಸೆಕೆಂಡ್, 470 ಇದ್ದರೆ 25 ಸೆಕೆಂಡ್ ಕಾಯಿರಿ. ಜಂಪರಿನ ಜಾಗದಲ್ಲಿ 1ಎನ್4007 ಡಯೋಡ್ ಹಾಕುವವರೂ ಇದ್ದಾರೆ. ಕೈಕೆಲಸ ಉಳಿಯುತ್ತದೆ ನಿಜ, ಆದರೆ ಎಚ್ಚರವಿರುವಾಗ ಚಿಪ್ಪಿಗೆ ಸಿಗುವುದು ಸುಮಾರು 2.3 ವೋಲ್ಟ್ ಮಾತ್ರ. ಬ್ರೌನ್‌ಔಟ್ ಮಟ್ಟ (ವೋಲ್ಟೇಜ್ ಇದಕ್ಕಿಂತ ಇಳಿದರೆ ಚಿಪ್ ರೀಸೆಟ್ ಆಗುತ್ತದೆ) 2.7ರಲ್ಲಿದ್ದರೆ ಮತ್ತೆ ರೀಸೆಟ್ಟೇ.

ಪ್ರಶ್ನೆ: ಡೇಟಾಶೀಟ್ 0.1 ಮೈಕ್ರೋಆಂಪ್ ಎನ್ನುತ್ತದೆ. ನನಗೆ ಒಮ್ಮೆ 24, ಇನ್ನೊಮ್ಮೆ 90, ಒಮ್ಮೆ ಮೈನಸ್ ಕೂಡ ಬಂತು!

ಉತ್ತರ: ಬಂದ ಅಂಕಿಯೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಆ 0.1 ಎಂಬುದು 3 ವೋಲ್ಟಿನಲ್ಲಿ, ಪವರ್‌ಡೌನ್ ಮೋಡ್‌ನಲ್ಲಿ, ವಾಚ್‌ಡಾಗ್ (ಚಿಪ್ಪನ್ನು ಎಬ್ಬಿಸಬಲ್ಲ ಒಳಗಿನ ಟೈಮರ್) ಆಫ್ ಇದ್ದಾಗಿನ ಮಾತು. ವಾಚ್‌ಡಾಗ್ ಓಡುತ್ತಿದ್ದರೆ 4.2. ಬ್ರೌನ್‌ಔಟ್ ಡಿಟೆಕ್ಟರ್ ಹೆಚ್ಚುಕಮ್ಮಿ 20 ಸೇರಿಸುತ್ತದೆ. ನಿಮ್ಮ 24 ಇವೆರಡರ ಮೊತ್ತವೇ ಇರಬೇಕು. 90ರ ಆಸುಪಾಸು ಬಂದರೆ ಪುಲ್‌ಅಪ್ (ಪಿನ್ನನ್ನು ಪ್ಲಸ್ ಕಡೆಗೆ ಎಳೆದಿಡುವ ರೆಸಿಸ್ಟರ್) ಆನ್ ಆಗಿರುವ ಯಾವುದೋ ಪಿನ್ ಗ್ರೌಂಡಿಗೆ ತಾಗಿದೆಯೇ ನೋಡಿ: ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್, 3 ವೋಲ್ಟಿಗೆ 60ರಿಂದ 150 ಮೈಕ್ರೋಆಂಪ್ ಅಲ್ಲೇ ಹೋಗುತ್ತದೆ. ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಆನ್ ಉಳಿದರೂ ನೂರರ ಮೇಲೆ ಹೋಗಬಹುದು. ಅದನ್ನು ಆರಿಸುವಾಗ ಕ್ರಮ ಮುಖ್ಯ. ಮೊದಲು ಎಡಿಸಿಎಸ್‌ಆರ್‌ಎ ರಿಜಿಸ್ಟರಿಗೆ ಸೊನ್ನೆ ಬರೆಯಿರಿ, ಆಮೇಲಷ್ಟೇ ಪಿಆರ್‌ಆರ್ ರಿಜಿಸ್ಟರಿನಲ್ಲಿ ಅದರ ಕ್ಲಾಕ್ ನಿಲ್ಲಿಸಿ. ಹಿಂದುಮುಂದಾದರೆ ಎಡಿಸಿ ಆನ್ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ. ಡೀಬಗ್‌ವೈರ್ (ಪ್ರೋಗ್ರಾಂ ತಪ್ಪು ಹುಡುಕುವ ಸೌಲಭ್ಯ) ಫ್ಯೂಸ್, ಅಂದರೆ ಚಿಪ್ಪಿನೊಳಗಿನ ಸೆಟ್ಟಿಂಗ್, ಆನ್ ಇದ್ದರೆ ಸ್ಲೀಪ್‌ನಲ್ಲೂ ಮುಖ್ಯ ಕ್ಲಾಕ್ ನಿಲ್ಲುವುದಿಲ್ಲ.

ಮೈನಸ್ ಅಥವಾ ನಂಬಲಾಗದಷ್ಟು ಕಡಿಮೆ ಬಂದರೆ ಯುಎಸ್‌ಬಿ ಸೀರಿಯಲ್ ವೈರನ್ನು ಕಿತ್ತು ನೋಡಿ. ಅದರ ಟಿಎಕ್ಸ್ (ಡೇಟಾ ಕಳಿಸುವ) ಪಿನ್ ಸುಮ್ಮನಿದ್ದಾಗ ಹೈ ಇರುತ್ತದೆ. ಚಿಪ್ಪಿನ ರಕ್ಷಣಾ ಡಯೋಡ್ ಮೂಲಕ ಅದೇ ನಿಮ್ಮ ಸರ್ಕ್ಯೂಟಿಗೆ ಹಿಂಬಾಗಿಲಿನಿಂದ ಪವರ್ ಕೊಡುತ್ತಿರುತ್ತದೆ. ಒಂದೆರಡು ಮೈಕ್ರೋಆಂಪ್ ಮಾತ್ರ ಹೆಚ್ಚಿದ್ದು, ಗಾಳಿ ಊದಿದರೆ ಏರಿಳಿಯುತ್ತಿದ್ದರೆ ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು) ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಉಜ್ಜಿ, ಒಣಗಿಸಿ, ಮತ್ತೆ ಅಳೆಯಿರಿ.

ಪ್ರಶ್ನೆ: ರೆಸಿಸ್ಟರ್ ಬದಲು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಚಾರ್ಜ್ ಮಾಡಿ, ಚಿಪ್ಪನ್ನು ಅದರಿಂದಲೇ ಓಡಿಸಿ, ವೋಲ್ಟೇಜ್ ಇಳಿಯುವುದನ್ನು ಅದೇ ಮೀಟರಿನಲ್ಲಿ ನೋಡುತ್ತಾ ಕುಳಿತೆ. 3.5 ಮೈಕ್ರೋಆಂಪ್ ಲೆಕ್ಕ ಬಂತು.

ಉತ್ತರ: ಅದರಲ್ಲಿ 3 ನಿಮ್ಮ ಮೀಟರಿನದೇ. 830 ಮಾದರಿಯ ಇನ್‌ಪುಟ್ ರೆಸಿಸ್ಟೆನ್ಸ್ ಸುಮಾರು 1 ಮೆಗಾಓಮ್. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಪ್ರೋಬ್ ಮುಟ್ಟಿಸಿ. 1 ಮೈಕ್ರೋಆಂಪಿಗೆ 0.3 ವೋಲ್ಟ್ ಇಳಿಯಲು 300 ಸೆಕೆಂಡ್ ಬೇಕು. ಎಲೆಕ್ಟ್ರೋಲಿಟಿಕ್ ಆದರೆ ಅದೂ ತಾನೇ ಸೋರುತ್ತದೆ. ಒಂದು ದಿನ ಚಾರ್ಜಿನಲ್ಲಿಟ್ಟು, ಚಿಪ್ ಇಲ್ಲದೆ ಅಷ್ಟೇ ಹೊತ್ತಿನಲ್ಲಿ ಎಷ್ಟು ಇಳಿಯುತ್ತದೆ ನೋಡಿ, ಕಳೆಯಿರಿ.

ಪ್ರಶ್ನೆ: ನನ್ನ ಇಎಸ್‌ಪಿ32 ಡೆವಲಪ್‌ಮೆಂಟ್ ಬೋರ್ಡ್ ಡೀಪ್ ಸ್ಲೀಪ್‌ನಲ್ಲೂ ಹಲವು ಮಿಲಿಆಂಪ್ ತಿನ್ನುತ್ತಿದೆ.

ಉತ್ತರ: ಬೋರ್ಡಿನಲ್ಲಿ ಎಎಂಎಸ್1117 ರೆಗ್ಯುಲೇಟರ್ ಇದ್ದರೆ ಅದೊಂದೇ ಸುಮಾರು 5 ಮಿಲಿಆಂಪ್ ಎಳೆಯುತ್ತದೆ. ಪವರ್ ಎಲ್‌ಇಡಿ ಬೇರೆ. ಕೋಡ್ ತಿದ್ದಿ ಪ್ರಯೋಜನವಿಲ್ಲ, ಬೋರ್ಡ್ ಬದಲಿಸಿ.

ಪ್ರಶ್ನೆ: ಚಿಪ್ 8 ಸೆಕೆಂಡಿಗೊಮ್ಮೆ ಎದ್ದು ಸೆನ್ಸರ್ ಓದುತ್ತದೆ. 220 ಮಿಲಿಆಂಪ್-ಅವರ್‌ನ ಸಿಆರ್2032 ಎಷ್ಟು ಕಾಲ ಬರಬಹುದು?

ಉತ್ತರ: ಸೆನ್ಸರ್ ಸೇರಿ 5 ಮಿಲಿಆಂಪ್, 20 ಮಿಲಿಸೆಕೆಂಡ್ ಎಂದುಕೊಳ್ಳಿ. ಸರಾಸರಿ 12.5 ಮೈಕ್ರೋಆಂಪ್ ಆಯಿತು, ಸ್ಲೀಪಿನ 4.2 ಸೇರಿಸಿ 16.7. ಕಾಗದದ ಮೇಲೆ ಒಂದೂವರೆ ವರ್ಷ. ಸ್ಲೀಪ್ ಕರೆಂಟನ್ನು ಪೂರ್ತಿ ಸೊನ್ನೆ ಮಾಡಿದರೂ ಎರಡು ವರ್ಷ ಅಷ್ಟೇ. ಅದೇ ಎಚ್ಚರದ ಹೊತ್ತನ್ನು 5 ಮಿಲಿಸೆಕೆಂಡಿಗೆ ಇಳಿಸಿದರೆ ಮೂರು ವರ್ಷ ದಾಟುತ್ತದೆ. ಸೆಕೆಂಡಿಗೆ ಎರಡು-ಮೂರು ಸಲ ಓದುವ ಮೀಟರಿಗೆ ಈ ಹೊತ್ತು ಕಾಣಿಸುವುದಿಲ್ಲ. ಬ್ಯಾಟರಿಯ ಮೈನಸ್ ವೈರಿನಲ್ಲಿ 10 ಓಮ್ ಹಾಕಿ, ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಬ್ಯಾಟರಿ ಕಡೆಗೆ ಸಿಕ್ಕಿಸಿ. 5 ಮಿಲಿಆಂಪಿಗೆ 50 ಮಿಲಿವೋಲ್ಟ್ ಎತ್ತರದ ಪಲ್ಸ್ ಕಾಣುತ್ತದೆ, ಅಗಲ ಅಳೆದುಕೊಳ್ಳಿ. ಆಗ ಯುಎಸ್‌ಬಿ ಕೇಬಲ್ ಚುಚ್ಚಿರಬಾರದು, ಗ್ರೌಂಡ್ ಸುತ್ತಿ ಬಂದು ರೆಸಿಸ್ಟರ್ ಶಾರ್ಟ್ ಆಗುತ್ತದೆ.