ಕಂಟ್ರಿ ಸಂಗೀತ ಎಲ್ಲಿಂದ ಶುರು ಮಾಡಲಿ ಅಂದಿರಲ್ಲ, ಈ ಆಲ್ಬಂನಿಂದ ಮಾಡಿ

ನೀವು ಕೇಳಿದ್ದು ಇಷ್ಟು: ಅಮೆರಿಕದ ಹಳೆ ಶೈಲಿಯ ಕಂಟ್ರಿ ಸಂಗೀತ ಕೇಳುವ ಆಸೆ ಇದೆ, ಆದರೆ ಈಗಿನ ಹಾಡುಗಳೆಲ್ಲ ಪಾಪ್ ಥರವೇ ಇವೆ, ಒಬ್ಬ ಗಾಯಕರ ಒಂದೇ ಒಂದು ಆಲ್ಬಂ ಹೇಳಿ, ಅವರು ಈಗಲೂ ಹಾಡುತ್ತಿದ್ದಾರಾ ಅಂತಲೂ ಹೇಳಿ.

ನನ್ನ ಉತ್ತರ ರ‍್ಯಾಂಡಿ ಟ್ರಾವಿಸ್. ಆಲ್ಬಂ 'ಸ್ಟಾರ್ಮ್ಸ್ ಆಫ್ ಲೈಫ್'. 1986ರ ಜೂನ್‌ನಲ್ಲಿ ವಾರ್ನರ್ ಬ್ರದರ್ಸ್ ಹೊರತಂದಿತು. ದೊಡ್ಡ ಕಂಪನಿಯಿಂದ ಬಂದ ಅವರ ಮೊದಲ ಆಲ್ಬಂ ಇದು.

ನಾನು ಕೆಲಸದ ಮೇಲೆ ಕೆಲವು ವರ್ಷ ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿದ್ದೆ. ಒಂದು ಶನಿವಾರ ಸಹೋದ್ಯೋಗಿಯ ಕಾರಿನಲ್ಲಿ ಸಮುದ್ರದ ಕಡೆ ಹೊರಟಿದ್ದೆವು. 74ನೇ ಹೆದ್ದಾರಿಯಲ್ಲಿ ಮನ್ರೋ ದಾಟಿದ ಮೇಲೆ ಮಾರ್ಷ್‌ವಿಲ್ ಎಂಬ ಸಣ್ಣ ಊರು ಬರುತ್ತದೆ. ಸುತ್ತ ಹೊಲ, ಟರ್ಕಿ ಕೋಳಿ ಸಾಕುವ ಉದ್ದನೆಯ ಶೆಡ್‌ಗಳು. "ಈ ಊರಿನ ಹುಡುಗನ ಹಾಡು ಕೇಳು" ಅಂತ ಅವರು ಈ ಆಲ್ಬಂ ಹಾಕಿದರು. ಅಲ್ಲಿಯವರೆಗೆ ಕಂಟ್ರಿ ಎಂದರೆ ಟೋಪಿ, ಬೂಟು, ಗದ್ದಲ ಅಂದುಕೊಂಡಿದ್ದೆ. ಇಲ್ಲಿ ಒಂದು ತಗ್ಗಿದ ದನಿ, ಪಕ್ಕದ ಸೀಟಿನಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಿತ್ತು. ಸಾಲಿನ ಕೊನೆಗೆ ಬಂದಾಗ ಆ ದನಿ ಮೆಲ್ಲಗೆ ಕೆಳಗಿನ ಸ್ವರಕ್ಕೆ ಜಾರುತ್ತದೆ, ಬಾವಿಗೆ ಕೊಡ ಇಳಿಸಿದ ಹಾಗೆ. ನನಗೆ ಹಿಡಿಸಿದ್ದೇ ಅದು.

ಅವರು ಹುಟ್ಟಿದ್ದು 1959ರಲ್ಲಿ, ಆಗಿನ ಹೆಸರು ರ‍್ಯಾಂಡಿ ಟ್ರೇವಿಕ್. ಚಿಕ್ಕಂದಿನಲ್ಲೇ ಅಣ್ಣನ ಜೊತೆ ಹಾಡುತ್ತಿದ್ದರು. ಆಮೇಲೆ ಶಾಲೆ ಬಿಟ್ಟರು, ಕುಡಿತ, ಪೊಲೀಸ್ ಕೇಸುಗಳು. ಶಾರ್ಲೆಟ್‌ನ ಒಂದು ಕ್ಲಬ್ಬಿನಲ್ಲಿ ಸ್ಪರ್ಧೆ ಗೆದ್ದಾಗ ಆ ಕ್ಲಬ್ ನಡೆಸುತ್ತಿದ್ದ ಲಿಬ್ ಹ್ಯಾಚರ್ ಅವರ ಕಣ್ಣಿಗೆ ಬಿದ್ದರು. ಜೈಲಿಗೆ ಹೋಗಬೇಕಾಗಿದ್ದ ಹುಡುಗನ ಜವಾಬ್ದಾರಿಯನ್ನು ಆಕೆ ವಹಿಸಿಕೊಂಡರು. ಇಬ್ಬರೂ ಕಂಟ್ರಿ ರೆಕಾರ್ಡ್ ಕಂಪನಿಗಳ ಊರಾದ ನ್ಯಾಶ್‌ವಿಲ್‌ಗೆ ಬಂದರು. ಅಲ್ಲಿ ಆಕೆ 'ನ್ಯಾಶ್‌ವಿಲ್ ಪ್ಯಾಲೇಸ್' ಎಂಬ ಜಾಗದ ಮ್ಯಾನೇಜರ್. ಇವರು ಅಲ್ಲೇ ಅಡುಗೆಮನೆಯಲ್ಲಿ ಮೀನು ಕರಿಯುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ಹಾಡುವ ಹೊತ್ತಿಗೆ ಏಪ್ರನ್ ಬಿಚ್ಚಿಟ್ಟು ವೇದಿಕೆಗೆ ಬರುವುದು, ಮುಗಿದ ಮೇಲೆ ಮತ್ತೆ ಒಲೆ ಮುಂದೆ.

ಊರಿನ ರೆಕಾರ್ಡ್ ಕಂಪನಿಗಳೆಲ್ಲ ಅವರನ್ನು ಬೇಡ ಅಂದವು. ಕಾರಣ? ತೀರಾ ಹಳ್ಳಿ ದನಿ, ತೀರಾ ಕಂಟ್ರಿ! ಕಂಟ್ರಿ ಸಂಗೀತದ ರಾಜಧಾನಿಯಲ್ಲೇ ಈ ಮಾತು. ಆಗಿನ ಗಾಳಿ ಹಾಗಿತ್ತು. 1980ರಲ್ಲಿ ಬಂದ ಒಂದು ಸಿನಿಮಾದ ಭರಾಟೆಯಲ್ಲಿ ಹಾಡುಗಳು ಪಾಪ್ ಕಡೆ ವಾಲಿದ್ದವು. ಆ ಭರಾಟೆ ಇಳಿದ ಮೇಲೆ ಮಾರಾಟವೂ ಬಿತ್ತು. 1985ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನ್ಯಾಶ್‌ವಿಲ್ ಸಂಗೀತದ ಕಾಲ ಇಳಿಮುಖವಾಗಿದೆ ಎಂದು ಬರೆದಿತ್ತು. ಅದೇ ವರ್ಷ ವಾರ್ನರ್‌ನ ಮಾರ್ಥಾ ಶಾರ್ಪ್ ಇವರನ್ನು ಸೇರಿಸಿಕೊಂಡರು. ಟ್ರಾವಿಸ್ ಎಂಬ ಹೆಸರು ಬಂದದ್ದೂ ಆಗಲೇ.

ಈಗ ಹಾಡುಗಳಿಗೆ ಬರೋಣ. ಇದರ ಬಗ್ಗೆ ನನಗೆ ಮಾತು ಜಾಸ್ತಿ, ಸಹಿಸಿಕೊಳ್ಳಿ.

ಮೊದಲು 'ಆನ್ ದಿ ಅದರ್ ಹ್ಯಾಂಡ್' ಕೇಳಿ. ಬರೆದವರು ಪಾಲ್ ಓವರ್‌ಸ್ಟ್ರೀಟ್ ಮತ್ತು ಡಾನ್ ಷ್ಲಿಟ್ಜ್. ಮದುವೆಯಾದ ಒಬ್ಬ ಗಂಡಸು ಬೇರೆ ಹೆಣ್ಣಿನ ಎದುರು ಕೂತಿದ್ದಾನೆ. ಅಲ್ಲೇ ಉಳಿದುಬಿಡಲು ಕಾರಣಗಳನ್ನು ಒಂದು ಕೈಯಲ್ಲಿ ಎಣಿಸುತ್ತಾನೆ. ಇಂಗ್ಲಿಷಿನಲ್ಲಿ ಆ ಶೀರ್ಷಿಕೆಗೆ 'ಇನ್ನೊಂದು ಕಡೆಯಿಂದ ನೋಡಿದರೆ' ಎಂದೂ ಅರ್ಥ, 'ಇನ್ನೊಂದು ಕೈಯಲ್ಲಿ' ಎಂದೂ ಅರ್ಥ. ಇನ್ನೊಂದು ಕೈಯಲ್ಲಿ ಮದುವೆ ಉಂಗುರ ಇದೆ. ಅಷ್ಟೇ ಹಾಡು. ಉಪದೇಶ ಇಲ್ಲ, ಗೋಳಾಟ ಇಲ್ಲ. ಆಸೆಯನ್ನೂ ಮುಚ್ಚಿಡುವುದಿಲ್ಲ. ಟ್ರಾವಿಸ್ ಉಂಗುರದ ಮಾತಿಗೆ ಬಂದಾಗ ದನಿ ಏರಿಸುವುದಿಲ್ಲ, ಸುಮ್ನೆ ಹೇಳಿ ಮುಂದೆ ಹೋಗುತ್ತಾರೆ. ಅವರಿಗೆ ಆಗ 26–27 ವರ್ಷ. ಆ ವಯಸ್ಸಿಗೆ ಅಷ್ಟು ಸಂಯಮ ಎಲ್ಲಿಂದ ಬಂತು ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಈ ಹಾಡನ್ನು 1985ರಲ್ಲಿ ಬಿಟ್ಟಾಗ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 67ನೇ ಜಾಗಕ್ಕೇ ನಿಂತುಹೋಯಿತು. ಆಮೇಲೆ ಬಂದ '1982' ಎಂಬ ಹಾಡು 6ನೇ ಜಾಗಕ್ಕೆ ಏರಿತು. ಆ ಧೈರ್ಯದಲ್ಲಿ ಕಂಪನಿ ಮೊದಲಿನ ಹಾಡನ್ನೇ ಮತ್ತೆ ಬಿಟ್ಟಿತು. 1986ರ ಜುಲೈನಲ್ಲಿ ಅದು ನಂಬರ್ 1. ಹಾಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಒಂದೇ ವರ್ಷದಲ್ಲಿ ಕೇಳುವವರ ಕಿವಿ ಬದಲಾಗಿತ್ತು.

'1982' ಕೂಡ ಒಳ್ಳೆಯ ಹಾಡು. ಒಬ್ಬಾತ ಟೆಲಿಫೋನ್ ಆಪರೇಟರ್‌ಗೆ ಫೋನ್ ಮಾಡಿ 1982ನೇ ಇಸವಿಗೆ ಲೈನ್ ಕೊಡಿ ಅನ್ನುತ್ತಾನೆ, ಕ್ಷಮೆ ಕೇಳುವುದು ಬಾಕಿ ಇದೆ ಅಂತ. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತಿದ್ದ ನಮ್ಮ ತಂದೆಯವರ ಕಾಲದವರಿಗೆ ಇದು ಥಟ್ಟನೆ ತಾಗುತ್ತದೆ, ಅಲ್ವಾ?

'ಡಿಗ್ಗಿನ್ ಅಪ್ ಬೋನ್ಸ್' ಕೂಡ ನಂಬರ್ 1 ಆಯಿತು. ಬಿಟ್ಟುಹೋದವಳ ಪತ್ರ, ಫೋಟೋಗಳನ್ನು ರಾತ್ರಿ ಹೊರತೆಗೆದು ಕೂರುವವನ ಕಥೆ. ಹೂತಿಟ್ಟ ಮೂಳೆ ಅಗೆಯುತ್ತಿದ್ದೇನೆ ಅನ್ನುತ್ತಾನೆ. ವಿಷಯ ಇಷ್ಟು ಭಾರ, ತಾಳ ಮಾತ್ರ ಕಾಲು ಕುಣಿಸುವಂಥದ್ದು. 'ನೋ ಪ್ಲೇಸ್ ಲೈಕ್ ಹೋಮ್' 2ನೇ ಜಾಗದವರೆಗೆ ಹೋಯಿತು. ಉಳಿದವುಗಳಲ್ಲಿ 'ಸೆಂಡ್ ಮೈ ಬಾಡಿ' ಟ್ರಾವಿಸ್ ತಾವೇ ಬರೆದದ್ದು. ಒಟ್ಟು ಹತ್ತು ಹಾಡು. 'ಮೈ ಹಾರ್ಟ್ ಕ್ರ್ಯಾಕ್ಡ್' ಸ್ವಲ್ಪ ಹಗುರ ಅನ್ನಿಸಿತು ನನಗೆ. ಆದರೂ ಬಿಟ್ಟು ಮುಂದೆ ಹೋಗಬೇಡಿ, ಪೂರ್ತಿ ಕೇಳಿ.

ಕೇಳುವಾಗ ಸ್ಟೀಲ್ ಗಿಟಾರ್ ಕಡೆ ಗಮನ ಕೊಡಿ. ಹಳೆ ಹಿಂದಿ ಚಿತ್ರಗೀತೆಗಳಲ್ಲಿ ಹವಾಯಿಯನ್ ಗಿಟಾರ್ ಕೇಳಿದ್ದೀರಲ್ಲ, ಅದರ ಅಕ್ಕತಂಗಿ ಇದು. ಪೆಡಲ್ ಸ್ಟೀಲ್ ಎಂದರೆ ಮೇಜಿನಂತೆ ಕಾಲುಗಳ ಮೇಲೆ ನಿಂತಿರುತ್ತದೆ. ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ, ಕಾಲಿನಿಂದ ಪೆಡಲ್ ಒತ್ತುತ್ತಾರೆ. ಹಾಗಾಗಿ ಒಂದು ಸ್ವರ ನಿಂತಲ್ಲೇ ನಿಂತಿರುವಾಗ ಪಕ್ಕದ ಸ್ವರ ಮೇಲಕ್ಕೆ ಜಾರಬಲ್ಲದು. ಜಾರು, ಗಮಕ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದಿಲ್ಲ. ನಿರ್ಮಾಪಕ ಕೈಲ್ ಲೆಹ್ನಿಂಗ್ ಈ ವಾದ್ಯಗಳನ್ನು ದನಿಯ ಮೇಲೆ ಹೇರಿಲ್ಲ. ಸಾಲು ಮುಗಿದ ಮೇಲೆ ಬಂದು ಹೋಗುತ್ತವೆ.

ಆಲ್ಬಂ ಅಮೆರಿಕದಲ್ಲಿ 30 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1986ರ ಡಿಸೆಂಬರ್‌ನಲ್ಲಿ ಅವರನ್ನು ನ್ಯಾಶ್‌ವಿಲ್‌ನ ಹಳೆಯ ರೇಡಿಯೋ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿಯ ಸದಸ್ಯರನ್ನಾಗಿ ಮಾಡಿಕೊಂಡರು. ಕಂಟ್ರಿ ಹಾಡುಗಾರರಿಗೆ ಅದಕ್ಕಿಂತ ದೊಡ್ಡ ವೇದಿಕೆ ಇಲ್ಲ. ಡ್ವೈಟ್ ಯೋಕಮ್, ಸ್ಟೀವ್ ಅರ್ಲ್ ಅವರ ಮೊದಲ ಆಲ್ಬಂಗಳು ಬಂದದ್ದೂ ಅದೇ ವರ್ಷ. ಇದು ಹಿಡಿಸಿದರೆ ಮುಂದೆ ಅವನ್ನು ಹುಡುಕಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಬರೆಯಲು ಕಷ್ಟ ಆಗುತ್ತದೆ. 2013ರಲ್ಲಿ ಅವರಿಗೆ ಪಾರ್ಶ್ವವಾಯು ಆಯಿತು. ಮಾತೇ ನಿಂತುಹೋಯಿತು. ಆ ದನಿಗೆ ಹೀಗಾಯಿತಲ್ಲ ಅಂತ ಇವತ್ತಿಗೂ ಸಂಕಟ. 2016ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡ ದಿನ, ಮಾತು ಬಾರದ ಅವರು 'ಅಮೇಜಿಂಗ್ ಗ್ರೇಸ್' ಎಂಬ ಭಕ್ತಿಗೀತೆ ಹಾಡಿದರು. 2024ರಲ್ಲಿ ಅವರ ಒಪ್ಪಿಗೆಯಿಂದಲೇ, ಹಳೆಯ ರೆಕಾರ್ಡಿಂಗ್‌ಗಳಿಂದ ಕೃತಕ ಬುದ್ಧಿಮತ್ತೆ ಬಳಸಿ ಅವರ ದನಿಯಲ್ಲಿ ಒಂದು ಹೊಸ ಹಾಡು ತಂದರು. ಜೇಮ್ಸ್ ಡುಪ್ರೇ ಎಂಬ ಗಾಯಕ ಮೊದಲು ಹಾಡಿದ್ದರು, ಅದರ ಮೇಲೆ ಟ್ರಾವಿಸ್ ದನಿ ಕೂರಿಸಿದ್ದು. ಅದನ್ನು ಮಾಡಿಸಿದ್ದೂ ಅದೇ ಕೈಲ್ ಲೆಹ್ನಿಂಗ್. ಬಂದ ದಿನವೇ ಕೇಳಿದೆ. ದನಿ ಅವರದ್ದೇ ಅನ್ನಿಸಿತು, ಕಣ್ಣು ತುಂಬಿತು. ಆಮೇಲೆ ರಾತ್ರಿ 1986ರ ಆಲ್ಬಂ ಹಾಕಿ, ಆ ಉಂಗುರದ ಹಾಡು ಎರಡು ಸಲ ಕೇಳಿ ಮಲಗಿದೆ.