ಗಣಿತ ಓದಿದವರು ಫಿಸಿಕ್ಸ್ ಸಂಶೋಧನೆಗೆ ಬರಬಹುದಾ?

ಎಂ.ಎಸ್ಸಿ. ಗಣಿತ ಮುಗಿಯುವ ಹೊತ್ತಿಗೆ ಫಿಸಿಕ್ಸ್ ಕಡೆ ಮನಸ್ಸು ತಿರುಗಿದೆ, ಪಿಎಚ್‌ಡಿಯನ್ನು ಅದರಲ್ಲೇ ಮಾಡಬಹುದಾ, ತಡವಾಯಿತಾ ಅಂತ ಕೇಳಿದ್ದೀರಿ. ಮಾಡಬಹುದು, ತಡವೇನೂ ಆಗಿಲ್ಲ. ನಾನೂ ಶುದ್ಧ ಗಣಿತ ಓದಿ ಬಂದವನೇ. ಈಗ ಬೆಂಗಳೂರಿನಲ್ಲೇ ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್‌ನಲ್ಲಿ (ಅಸಂಖ್ಯ ಕಣಗಳ ಒಟ್ಟು ವರ್ತನೆಯ ಲೆಕ್ಕ) ಕೆಲಸ ಮಾಡುತ್ತಿದ್ದೇನೆ.

ಫಿಸಿಕ್ಸ್ ಓದಿಲ್ಲವಲ್ಲ ಅಂತ ನೀವು ಹೆದರುತ್ತಿದ್ದೀರಿ. ಓದಿದರೆ ಅದು ಬರುತ್ತದೆ. ಅದಕ್ಕಿಂತ ಜಾಸ್ತಿ ಸಮಯ ಹಿಡಿಯುವುದು ಪ್ರಶ್ನೆ ಕೇಳುವ ಅಭ್ಯಾಸ ಬದಲಾಗುವುದು. ಗಣಿತದಲ್ಲಿ ‘ಇದು ಸರಿಯಾ?’ ಅಂತ ಕೇಳುತ್ತೇವೆ. ಇಲ್ಲಿ ‘ಎಷ್ಟು ತಪ್ಪು?’ ಅಂತ ಕೇಳುತ್ತಾರೆ. ಲೋಲಕದ ಲೆಕ್ಕದಲ್ಲಿ ಸೈನ್ ಥೀಟಾ ಬದಲು ಸುಮ್ನೆ ಥೀಟಾ ಹಾಕುತ್ತೇವೆ ಅಲ್ವಾ? ಲೋಲಕ 20 ಡಿಗ್ರಿವರೆಗೆ ತೂಗಿದರೂ ಅದರ ಆವರ್ತನ ಕಾಲದಲ್ಲಿ ಬರುವ ತಪ್ಪು ಶೇ. 1ಕ್ಕಿಂತ ಕಡಿಮೆ. ಕಾಲೇಜಿನ ಲ್ಯಾಬ್‌ನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಗೋಡೆ ಗಡಿಯಾರದಲ್ಲಾದರೆ ದಿನಕ್ಕೆ ಸುಮಾರು 11 ನಿಮಿಷದ ವ್ಯತ್ಯಾಸ! ಯಾವುದನ್ನು ಎಲ್ಲಿ ಬಿಡಬಹುದು ಅನ್ನುವ ಈ ಅಂದಾಜು ನಮಗೆ ಯಾವ ಕ್ಲಾಸಿನಲ್ಲೂ ಸಿಕ್ಕಿರುವುದಿಲ್ಲ. ನನಗೆ ಅದು ಬಂದದ್ದು ಸೆಮಿನಾರುಗಳಲ್ಲಿ ಕೂತು. ಬೋರ್ಡಿನ ಮೇಲೆ ಸಮೀಕರಣದ ಒಂದು ಪದವನ್ನು (ಟರ್ಮ್) ಹೊಡೆದು ಹಾಕುತ್ತಾರೆ, ಯಾರೂ ಚಕಾರ ಎತ್ತುವುದಿಲ್ಲ. ಯಾಕೆ ಹೊಡೆದರು ಅಂತ ಮನೆಗೆ ಬಂದು ಲೆಕ್ಕ ಹಾಕಿ ನೋಡಬೇಕು.

ಇದಕ್ಕೆ ಫ್ರೀಮನ್ ಡೈಸನ್ ಒಳ್ಳೆಯ ಉದಾಹರಣೆ. ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿ, ನಂಬರ್ ಥಿಯರಿಯಲ್ಲಿ ಕೆಲಸ ಮಾಡಿ, 1947ರಲ್ಲಿ ಫಿಸಿಕ್ಸ್ ಕಲಿಯಲು ಅಮೆರಿಕದ ಕಾರ್ನೆಲ್‌ಗೆ ಹೋದವರು. (ಅವರು ಕೊನೆವರೆಗೂ ಪಿಎಚ್‌ಡಿ ಮಾಡಲಿಲ್ಲ. ನೀವು ಅದನ್ನು ಅನುಸರಿಸಬೇಡಿ.) ಎರಡೇ ವರ್ಷದಲ್ಲಿ, ಫೈನ್‌ಮನ್ ಹಾಕುವ ಚಿತ್ರಗಳೂ ಶ್ವಿಂಗರ್ ಮತ್ತು ತೊಮೊನಾಗ ಅವರ ಸಮೀಕರಣಗಳೂ ಒಂದೇ ಸಿದ್ಧಾಂತ ಅಂತ ತೋರಿಸಿದರು. ಬೆಳಕು ಮತ್ತು ಎಲೆಕ್ಟ್ರಾನುಗಳ ಆ ಸಿದ್ಧಾಂತಕ್ಕೆ ಕ್ವಾಂಟಮ್ ಎಲೆಕ್ಟ್ರೋಡೈನಮಿಕ್ಸ್ ಅಂತ ಹೆಸರು. 1952ರಲ್ಲಿ ಇನ್ನೊಂದು ಮಾತು ಹೇಳಿದರು: ಆ ಸಿದ್ಧಾಂತದಲ್ಲಿ ನಾವು ಬಳಸುವ ಸರಣಿ ಕನ್ವರ್ಜ್ ಆಗುವುದೇ ಇಲ್ಲ, ಅಂದರೆ ಪದಗಳನ್ನು ಕೂಡಿಸುತ್ತಾ ಹೋದರೆ ಒಂದು ಮೌಲ್ಯಕ್ಕೆ ಬಂದು ನಿಲ್ಲುವುದಿಲ್ಲ. ಒಂದೇ ಬಗೆಯ ಚಾರ್ಜ್‌ಗಳು ಪರಸ್ಪರ ಸೆಳೆಯುವ ಲೋಕ ಇದ್ದರೆ ಅಲ್ಲಿ ನಿರ್ವಾತವೇ ಸ್ಥಿರವಾಗಿ ನಿಲ್ಲದು, ಹಾಗಾಗಿ ಸರಣಿಯ ಕನ್ವರ್ಜೆನ್ಸ್ ತ್ರಿಜ್ಯ ಸೊನ್ನೆ ಇರಲೇಬೇಕು ಅಂತ ಅವರ ವಾದ. ಗಮನಿಸಿ, ಇದು ಪ್ರೂಫ್ ಅಲ್ಲ. ಆದರೂ ಅದೇ ಸರಣಿಯ ಮೊದಲ ಕೆಲವು ಪದಗಳಿಂದ ಬರುವ ಎಲೆಕ್ಟ್ರಾನಿನ ಮ್ಯಾಗ್ನೆಟಿಕ್ ಮೊಮೆಂಟ್‌ನ (ಪುಟ್ಟ ಅಯಸ್ಕಾಂತವಾಗಿ ಅದು ಎಷ್ಟು ಪ್ರಬಲ ಅನ್ನುವುದರ) ಲೆಕ್ಕ, ಪ್ರಯೋಗದ ಅಳತೆಗೆ ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಹೊಂದುತ್ತದೆ. ಇದನ್ನು ಓದಿ ನಿಮಗೆ ಸಿಟ್ಟು ಬಂತಾ, ಕುತೂಹಲ ಬಂತಾ? ಬರೀ ಸಿಟ್ಟೇ ಬಂದರೆ ಗಣಿತದಲ್ಲೇ ಇರಿ, ತಮಾಷೆಗೆ ಹೇಳುತ್ತಿಲ್ಲ.

ನಮ್ಮ ಊರಿನ ನಂಟಿರುವ ಗಣಿತಜ್ಞ ಹರೀಶ್ ಚಂದ್ರ ಹಾಗೇ ಮಾಡಿದರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಭಾಭಾ ಜೊತೆ ಫಿಸಿಕ್ಸ್ ಮಾಡಿ, 1945ರಲ್ಲಿ ಕೇಂಬ್ರಿಡ್ಜ್‌ನ ಭೌತವಿಜ್ಞಾನಿ ಡಿರಾಕ್ ಹತ್ತಿರ ಹೋಗಿ, ಆಮೇಲೆ ಗಣಿತಕ್ಕೆ ಹೊರಳಿದರು. ಫಿಸಿಕ್ಸ್ ಗೋಜಲು, ಕೈಗೆ ಸಿಗುವುದಿಲ್ಲ, ಅದಕ್ಕೇ ಬಿಡುತ್ತಿದ್ದೇನೆ ಅಂದರಂತೆ. ಅದೇ ಕಾರಣಕ್ಕೆ ನಾನು ಗಣಿತ ಬಿಟ್ಟು ಫಿಸಿಕ್ಸ್‌ಗೆ ಹೋಗುತ್ತಿದ್ದೇನೆ ಅಂದರಂತೆ ಡೈಸನ್.

ಇನ್ನು ಯಾವ ವಿಭಾಗ ಅನ್ನುವುದು. ಗಣಿತದವರೆಲ್ಲ ಸ್ಟ್ರಿಂಗ್ ಥಿಯರಿಯ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ. ಹೋಗಬೇಡಿ ಅನ್ನುವುದಿಲ್ಲ, ಅದೊಂದೇ ಬಾಗಿಲಲ್ಲ. ಪ್ರಾಬಬಿಲಿಟಿ ಚೆನ್ನಾಗಿ ಬಂದರೆ ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್ ಇದೆ. ಟೋಪಾಲಜಿ (ಎಳೆದರೂ ಬಗ್ಗಿಸಿದರೂ ಬದಲಾಗದ ಗುಣಗಳ ಗಣಿತ) ಇಷ್ಟವಾದರೆ ಕ್ವಾಂಟಮ್ ಹಾಲ್ ಪರಿಣಾಮ ನೋಡಿ: ತೆಳು ಪದರದಲ್ಲಿ ತೀರಾ ತಂಪಿನಲ್ಲಿ, ಬಲವಾದ ಕಾಂತಕ್ಷೇತ್ರದಲ್ಲಿ ವಿದ್ಯುತ್ ವಾಹಕತೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ. ಅಳತೆಯಲ್ಲಿ ಸಿಗುವ ಪೂರ್ಣಾಂಕವೇ ಟೋಪಾಲಜಿಯ ಚೆರ್ನ್ ನಂಬರ್. ಥೌಲೆಸ್ ಮತ್ತು ಜೊತೆಗಾರರು 1982ರಲ್ಲಿ ಕೊಟ್ಟ ಲೆಕ್ಕದಿಂದ ಬಂದ ಮಾತು ಅದು. 2016ರ ನೊಬೆಲ್‌ನಲ್ಲಿ ಥೌಲೆಸ್‌ಗೂ ಪಾಲು ಸಿಕ್ಕಿತು.

ಪಿಎಚ್‌ಡಿ ಪ್ರವೇಶಕ್ಕೆ ಜೆಸ್ಟ್ ಅಥವಾ ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಗಳ ಫಿಸಿಕ್ಸ್ ಪೇಪರ್ ಬರೆಯಿರಿ. ಗಣಿತದ ಎಂ.ಎಸ್ಸಿ. ನಡೆಯುತ್ತದಾ ಅನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ. ತಯಾರಿಯಲ್ಲಿ ಕ್ಲಾಸಿಕಲ್ ಮೆಕ್ಯಾನಿಕ್ಸ್ ನಿಮಗೆ ಬೇಗ ಹತ್ತುತ್ತದೆ. ವಿದ್ಯುತ್ಕಾಂತತೆಗೂ ಥರ್ಮೋಡೈನಮಿಕ್ಸ್‌ಗೂ ಸಮಯ ಕೊಡಿ. ಥಿಯರಿ ಓದುತ್ತಾ ಕೂರಬೇಡಿ, ಲೆಕ್ಕ ಬಿಡಿಸಿ. ಒಂದು ಲೋಟ ನೀರಿನಲ್ಲಿ ಎಷ್ಟು ಅಣುಗಳಿವೆ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ, ಪೆನ್ನು ಹಿಡಿಯದೆ ‘6ರ ಮುಂದೆ 24 ಸೊನ್ನೆ’ ಅನ್ನುವಂತಿರಬೇಕು.

ಅಷ್ಟರಲ್ಲಿ ಹೆಸರಘಟ್ಟ ಕಡೆಯ ಐಸಿಟಿಎಸ್ ಅನ್ನುವ ಸಂಶೋಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಊರಾಚೆ, ನಿಜ. ಆದರೆ ಅಲ್ಲಿ ಗಣಿತದವರೂ ಫಿಸಿಕ್ಸ್‌ನವರೂ ಒಂದೇ ಸೂರಿನಡಿ ಇದ್ದಾರೆ. ಹೋಗಲಾಗದಿದ್ದರೆ ಅವರ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿವೆ. ಎಂ.ಎಸ್ಸಿ. ಪ್ರಾಜೆಕ್ಟ್ ಇನ್ನೂ ಬಾಕಿ ಇದ್ದರೆ, ಐಸಿಂಗ್ ಮಾಡೆಲ್‌ನಂಥ (ಕಾಂತತ್ವದ ಒಂದು ಸರಳ ಗಣಿತ ಮಾದರಿ) ಎರಡೂ ಕಡೆ ಸಲ್ಲುವ ವಿಷಯವನ್ನೇ ಕೇಳಿ ಪಡೆಯಿರಿ. ನಿಮ್ಮ ಗೈಡ್ ಗಣಿತದವರೇ ಆಗಿದ್ದರೂ ಒಪ್ಪಿಯಾರು.